ನೂರಡಿ ರೀಲಿನಲ್ಲಿ ಹೊಳೆವ್ವ

ಸಂದರ್ಶನ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಎದುರಿಗೆ ಕುಳಿತವರು ಯಾವ ಮಾತು ಹೇಳಬೇಕೆಂದು ಬಂದಿರುತ್ತಾರೋ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವರಿಂದ ಹೇಳಿಸುವ ವಿದ್ಯೆಗೆ ಸಂದರ್ಶನ ಎಂದು ಹೆಸರು. ಈ ವಿದ್ಯೆಯನ್ನು ನಾನು ೧೯೬೪ರಲ್ಲಿ ವಿಜಾಪುರದ ಜೋರಾಪುರ ಪೇಟೆಯ ಒಂದು ಮಾಳಿಗೆ ಮನೆಯಲ್ಲಿ ಕಲಿತೆ. ಕಲಿತದ್ದಕ್ಕೆ ಪ್ರಮಾಣಪತ್ರವೂ ಇದೆ, ದಪ್ಪ ಕಾಗದದ್ದು.

ಆ ಮನೆಯಲ್ಲಿ ಸಮಾಜ ಶಿಕ್ಷಣದ ತರಬೇತಿ ಕೇಂದ್ರವೊಂದು ನಡೆಯುತ್ತಿತ್ತು. ಹಳ್ಳಿಗೆ ಹೋಗಿ ತಿಪ್ಪೆ ಎಲ್ಲಿ ಹಾಕಬೇಕು, ಸಿಡುಬು ಬಾರದಂತೆ ದೇವಿ ಯಾಕೆ ಹಾಕಿಸಿಕೊಳ್ಳಬೇಕು, ದೊಡ್ಡವರಾದ ಮೇಲೂ ಅಕ್ಷರ ಹೇಗೆ ಕಲಿಯಬೇಕು ಎಂದು ಜನರಿಗೆ ಹೇಳಲು ನಮ್ಮಂಥ ಹುಡುಗರನ್ನು ಅಲ್ಲಿ ತಯಾರು ಮಾಡುತ್ತಿದ್ದರು. ಯಾರೂ ಕೇಳದಿದ್ದರೂ ಒಂದು ಪರದೇಶದ ಸಂಸ್ಥೆ ಈ ಕೇಂದ್ರಕ್ಕೆ ಒಂದು ಸಿನಿಮಾ ಕ್ಯಾಮೆರಾವನ್ನೂ ಒಂದು ಟೇಪ್ ರೆಕಾರ್ಡರನ್ನೂ ದಾನ ಮಾಡಿತು. ನಮ್ಮ ಮುಖ್ಯಸ್ಥರು ಅವೆರಡನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ದಿನ ಹೊರಗೆ ತೆಗೆದು ಕುಂಕುಮ ಹಚ್ಚಿ, ಕಾಯಿ ಒಡೆದು, ಮತ್ತೆ ಒಳಗಿಟ್ಟರು. ಸಂಸ್ಥೆಯ ಮುಂಬಯಿ ಕಚೇರಿಯವರು ‘ಕ್ಯಾಮೆರಾದಿಂದ ಏನೇನು ತೆಗೆದಿರಿ’ ಎಂದು ಕೇಳಿದಾಗಲೇ ಅದರಿಂದ ಏನಾದರೂ ತೆಗೆಯಬೇಕು ಎಂಬುದು ಮುಖ್ಯಸ್ಥರಿಗೆ ಹೊಳೆದದ್ದು.

ಹಾಗೆ ನಮಗೆ ಅಬ್ದುಲಸಮದ ಮಾಸ್ತರರು ದೊರೆತರು. ಅವರು ವಿಜಾಪುರದವರೇ, ಆದರೆ ಅರ್ಧ ಆಯುಷ್ಯವನ್ನು ಮುಂಬಯಿಯಲ್ಲಿ ಸುದ್ದಿಚಿತ್ರಗಳ ರೀಲು ಕತ್ತರಿಸಿ ಅಂಟಿಸುವುದರಲ್ಲಿ ಕಳೆದವರು. ತೆಳ್ಳಗಿನ ಮನುಷ್ಯ. ಯಾರ ಮಾತು ಉದ್ದವಾದರೂ ಅವರ ಬಲಗೈ ಬೆರಳುಗಳು ತಾವಾಗಿಯೇ ಕತ್ತರಿಯ ಹಾಗೆ ಆಡುತ್ತಿದ್ದವು.

“ಯಾರು, ಎಲ್ಲಿ, ಏನು. ಮೂರs ಸವಾಲು,” ಎಂದು ಅವರು ಮೊದಲ ದಿನವೇ ಹೇಳಿದರು. “ಜವಾಬು ಸಣ್ಣದಿರಬೇಕು. ಮನುಷ್ಯಾ ಮಾತಾಡೂವಾಗ ಮಾರಿ ತೋರಸ್ರಿ, ಬ್ಯಾಸರಾದ್ರ ಕೈ ತೋರಸ್ರಿ. ಕೈ ಎಂದೂ ಸುಳ್ಳ ಹೇಳೂದಿಲ್ಲ.”

ಕ್ಯಾಮೆರಾ ಹಿಡಿಯುವ ಕೆಲಸ ಕಾಖಂಡಕಿಯ ಕರೆಪ್ಪನಿಗೆ ಬಂತು. ಅವನಿಗೆ ಒಳ್ಳೆಯ ಕಣ್ಣಿದೆ ಎಂದು ಮಾಸ್ತರರು ಹೇಳಿದರು. ಬಬಲೇಶ್ವರದವನಾದ ನನಗೆ ಟೇಪ್ ರೆಕಾರ್ಡರು ಬಂತು. ನನಗೆ ಒಳ್ಳೆಯ ಕಿವಿ ಇದೆ ಎಂದೇನೂ ಯಾರೂ ಹೇಳಲಿಲ್ಲ. ಆ ಪೆಟ್ಟಿಗೆ ಕರುವಿನಷ್ಟು ಭಾರವಿತ್ತು, ನನ್ನ ಹೆಗಲು ಅಗಲವಿತ್ತು. ಕ್ಯಾಮೆರಾಕ್ಕೆ ಗಡಿಯಾರದ ಹಾಗೆ ಚಾವಿ ಕೊಡಬೇಕು. ಒಮ್ಮೆ ಪೂರ್ತಿ ಕೊಟ್ಟರೆ ಅರ್ಧ ನಿಮಿಷ ಕೂಡ ಓಡುತ್ತಿರಲಿಲ್ಲ, ಗರ್ ಎಂದು ನಿಂತುಬಿಡುತ್ತಿತ್ತು. ಅದು ಚಿತ್ರವನ್ನಷ್ಟೇ ಹಿಡಿಯುತ್ತಿತ್ತು. ಮಾತನ್ನು ನನ್ನ ಪೆಟ್ಟಿಗೆ ಬೇರೆಯಾಗಿ ಹಿಡಿಯಬೇಕು. ಆಮೇಲೆ ಎರಡಕ್ಕೂ ಮಾಸ್ತರರು ಮದುವೆ ಮಾಡಿಸುವರು.

ರೂಢಿಯಾಗಲೆಂದು ಭೂತನಾಳ ಕೆರೆಗೆ ಹೋದಾಗ ಕರೆಪ್ಪ ಕೊಟ್ಟಷ್ಟೂ ರೀಲನ್ನು ನೀರುಕೋಳಿಗಳ ಮೇಲೆ ಖರ್ಚು ಮಾಡಿ ಬಂದ. ಮಾಸ್ತರರು ಅದನ್ನು ಗೋಡೆಯ ಮೇಲೆ ಬಿಟ್ಟು ನೋಡಿದರು. “ಭಾಳ ಛಂದ ಐತಿ. ಈ ಕೋಳಿ ಹೆಸರೇನು? ಏನಂತು ಅದು?” ಎಂದು ಕೇಳಿದರು. ಕರೆಪ್ಪ ಆ ದಿನ ಊಟ ಬಿಟ್ಟ.

ಸಂಕ್ರಾಂತಿ ಕಳೆದ ಮೇಲೆ ನಮಗೆ ನಿಜವಾದ ಕೆಲಸ ಬಂತು. ಅಕ್ಷರ ಕಲಿತ ಹೆಣ್ಣುಮಗಳೊಬ್ಬಳ ಸಂದರ್ಶನ ಮಾಡಬೇಕು. ನೂರಡಿಯ ಒಂದೇ ಒಂದು ರೀಲು. ಅದರ ಮೇಲೆ ಒಂದಡಿಯೂ ಸಿಗುವುದಿಲ್ಲ. ತಯಾರಾದ ಚಿತ್ರವನ್ನು ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ನಮ್ಮ ಕಡೆಯ ಜನರಿಗೆ ತೋರಿಸುತ್ತಾರೆ. ಊರಿನಲ್ಲಿ ಹೆಂಡಂದಿರು ಓದು ಕಲಿಯುತ್ತಿದ್ದಾರೆಂದು ಕಂಡರೆ ಗಂಡಂದಿರು ಕುಡಿಯುವುದನ್ನು ಬಿಟ್ಟು ತಾವೂ ಓದಲು ಕೂಡುತ್ತಾರೆ ಎಂಬುದು ಪರದೇಶದವರ ಲೆಕ್ಕ. ನಮ್ಮ ಕಡೆಯ ಗಂಡಸರನ್ನು ಅವರು ನೋಡಿರಲಿಲ್ಲ.

ತಿಕೋಟಾದ ರಾತ್ರಿ ಶಾಲೆಯ ಹೆಂಗಸರಲ್ಲಿ ಹೊಳೆವ್ವನೇ ಚುರುಕು ಎಂದು ಅಲ್ಲಿಯ ಮಾಸ್ತರ ಹೇಳಿದ್ದರಿಂದ ನಾವು ಮೊದಲು ಕೇಳಿಕೊಂಡು ಬರಲು ಹೋದೆವು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಮಾತಿಗೊಂದು ಏಟು, ಏಟಿಗೊಂದು ಮಾತು.

“ನನ್ನ ಮಾರಿ ಏನ್ ನೋಡ್ತೀರೋ ಯಪ್ಪಾ? ನೋಡೂ ಅಂಥಾ ಹುಡಿಗ್ಯಾರು ಸಾಲ್ಯಾಗ ಅದಾರ, ಹೋಗ್ರಿ,” ಎಂದಳು.

“ಮುಂಬೈದಾಗ ತೋರಸ್ತಾರಬೇ ಯವ್ವಾ. ಗಿರಣ್ಯಾಗ ದುಡಿಯೂ ನಮ್ಮ ಮಂದಿಗೆ,” ಎಂದ ಕರೆಪ್ಪ.

ಹೊಳೆವ್ವನ ಕೈ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡಿದ ಮೇಲೆ ಆಕೆಗೆ ಎಚ್ಚರವಾಯಿತು.

ಆಕೆಯ ಗಂಡ ಮುಂಬಯಿಗೆ ಹೋಗಿ ಮೂರು ವರ್ಷವಾಗಿತ್ತು. ಮೊದಮೊದಲು ಸುದ್ದಿ ಬರುತ್ತಿತ್ತು, ಆಮೇಲೆ ನಿಂತಿತು. ಮನುಷ್ಯ ಕೆಟ್ಟವನಲ್ಲ, ನಾಳೆ ಬರುತ್ತೇನೆ ಎನ್ನುವವನು. ಅಕ್ಷರ ಕಲಿತ ಕೂಡಲೇ ಆಕೆ ತಾನೇ ಒಂದು ಪತ್ರ ಬರೆದಳು; ಅವನು ಖೋಲಿ ಬದಲಿಸಿದ್ದರಿಂದ ಅದು ಠಪ್ಪೆ ಹೊಡೆಸಿಕೊಂಡು ತಿರುಗಿ ಬಂತು. ಈಗ ಮಗಳು ಪರಸವ್ವನ ಮದುವೆ ಗೊತ್ತಾಗಿತ್ತು. ವೈಶಾಖದಲ್ಲಿ ಅಕ್ಕಿಕಾಳು. ಧಾರೆ ಎರೆಯಲು ಗಂಡ ಹೆಂಡತಿ ಜೋಡಿಯಾಗಿ ಕೂಡಬೇಕು. ಗಂಡ ಬಾರದಿದ್ದರೆ ಮೈದುನ ಮತ್ತು ಅವನ ಹೆಂಡತಿ ಕೂಡುತ್ತಾರೆ ಎಂದು ಹಿರಿಯರು ಆಗಲೇ ತೀರ್ಮಾನ ಮಾಡಿದ್ದರು.

“ನಾ ಹಡದ ಮಗಳನ್ನ ನನ್ನ ನೆಗೆಣ್ಣಿ ಧಾರಿ ಎರಿತಾಳಂತ,” ಎಂದಳು ಹೊಳೆವ್ವ. “ನಾ ಕಂಬದ ಹಿಂದ ನಿಂತು ನೋಡಬೇಕಂತ. ನೋಡ್ರೋ ತಮ್ಮಗೋಳ್ರಾ, ನಿಮಗ ಏನ್ ಬೇಕು ಕೇಳ್ರಿ, ಹೇಳ್ತೀನಿ. ಆದ್ರ ಅವರಿಗೆ ನಾ ಎರಡು ಮಾತು ಹೇಳೂದೈತಿ. ಅದನ್ನ ಮುಟ್ಟಸ್ತೀವಿ ಅಂತ ಕೈ ಮ್ಯಾಲ ಕೈ ಹಾಕ್ರಿ.”

ಹಿಟ್ಟಿನ ಕೈಯನ್ನೇ ಚಾಚಿದಳು. ನಾವಿಬ್ಬರೂ ಅದರ ಮೇಲೆ ಕೈ ಹಾಕಿದೆವು.

ಚಿತ್ರ ತೆಗೆಯುವ ದಿನ ನಾವು ಅಂಗಳಕ್ಕೆ ಹೋದಾಗ ಅರ್ಧ ಊರು ಆಗಲೇ ಬಂದು ಕುಳಿತಿತ್ತು. ಹೊಳೆವ್ವನ ಮಾವ ಹಣಮಂತ ಮುತ್ಯಾ ಹೊಸ ಪಟಗ ಸುತ್ತಿಕೊಂಡು ಸರಿಯಾಗಿ ಕ್ಯಾಮೆರಾದ ಹಿಂದೆ ಕುರ್ಚಿ ಹಾಕಿಸಿಕೊಂಡಿದ್ದ. ಸೊಸೆಯ ಚಿತ್ರ ತೆಗೆಯಲು ಅಪ್ಪಣೆ ಕೊಟ್ಟವನು ಅವನು. ತೆಗೆಯುವುದನ್ನು ನೋಡುವ ಹಕ್ಕೂ ಅವನದೇ. ಆದರೆ ನಮ್ಮ ಕಡೆ ಮಾವನ ಎದುರಿಗೆ ಸೊಸೆ ಮುಖ ತೋರಿಸುವುದಿಲ್ಲ. ಕ್ಯಾಮೆರಾದ ಕಡೆ ನೋಡಬೇಕೆಂದರೆ ಹೊಳೆವ್ವ ಮಾವನ ಕಡೆಯೇ ನೋಡಬೇಕು. ಆಕೆ ಸೆರಗನ್ನು ಮೂಗಿನ ತನಕ ಎಳೆದುಕೊಂಡು ತಲೆ ತಗ್ಗಿಸಿದಳು.

“ಮುತ್ಯಾ, ಒಂದೀಟು ಆ ಕಡೆ ಕುಂಡ್ರತೀರೇನ್ರಿ?” ಎಂದು ಕರೆಪ್ಪ ಕೇಳಿದ.

“ಯಾಕೋ? ನಾ ಏನ್ ಅಡ್ಡ ಬಂದೀನಿ? ನಿನ್ನ ಹಿಂದ ಕುಂತೀನಲ್ಲಾ!” ಎಂದ ಮುತ್ಯಾ. ನ್ಯಾಯವಾದ ಮಾತು. ಕರೆಪ್ಪ ಮಾರಿ ಬಿಟ್ಟು, ಆಕೆಗೆ ರೊಟ್ಟಿ ಬಡಿಯಲು ಹೇಳಿ, ಕೈಗಳ ಚಿತ್ರ ಹಿಡಿಯತೊಡಗಿದ.

ನಾನು ಮೈಕು ಹಿಡಿದು ಮೊದಲ ಸವಾಲು ಹಾಕಿದೆ. “ಯಾರು? ನಿಮ್ಮ ಹೆಸರು, ಗಂಡನ ಹೆಸರು ಹೇಳ್ರಿ.”

ಅಂಗಳದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನನ್ನ ಬುದ್ಧಿಗಿಷ್ಟು! ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಲ್ಲಿ ಹೇಳುತ್ತಾಳೆಯೆ? ಹೇಳಲೇಬೇಕಾದರೆ ಒಡಪು ಕಟ್ಟಿ ಹೇಳಬೇಕು. ನಾಲ್ಕು ಸಾಲು ಹಾಡಿದಂತೆ ಹೇಳಿ ಕೊನೆಗೆ ಹೆಸರು ಇಡಬೇಕು. ನಾನೇನೋ ಅದನ್ನು ಹುಟ್ಟಿದಾಗಿನಿಂದ ಕೇಳಿದವನೇ. ಮಾಸ್ತರರ ಮೂರು ಸವಾಲು ತಲೆಯಲ್ಲಿ ಕುಳಿತ ಮೇಲೆ ಮನೆಯಲ್ಲಿ ಕಲಿತದ್ದು ಒಂದೂ ಉಳಿದಿರಲಿಲ್ಲ.

“ಒಡಪ ಹೇಳಬೇ ಹೊಳೆವ್ವಾ!” ಎಂದು ಹೆಂಗಸರು ಹುರಿದುಂಬಿಸಿದರು. ಕರೆಪ್ಪ ಚಾವಿ ಕೊಟ್ಟು ಗುಂಡಿ ಒತ್ತಿದ. ಹೊಳೆವ್ವ ಗಂಟಲು ಸರಿ ಮಾಡಿಕೊಂಡಳು, ನಕ್ಕಳು, ಬಳೆ ಹಿಂದೆ ಸರಿಸಿದಳು. ಆಮೇಲೆ ನಿಧಾನವಾಗಿ ಶುರು ಮಾಡಿದಳು.

“ಸಜ್ಜಿ ರೊಟ್ಟಿಗಿ ಎಳ್ಳ ಹಚ್ಚೀನಿ,
ಗಡಗಿ ಮಸರಿಗಿ ತಾಟ ಮುಚ್ಚೀನಿ,
ಅಂಗಳ ಸಾರಿಸಿ ಕಂದೀಲ ಹಚ್ಚೀನಿ…”

ಗರ್ ಎಂದು ಕ್ಯಾಮೆರಾ ನಿಂತಿತು. ಕರೆಪ್ಪ ‘ತಡೀರಿ’ ಎನ್ನುವುದರೊಳಗೆ ಆಕೆ “ಯಲಗೂರಪ್ಪನ ಹೆಸರ ಹೇಳೀನಿ” ಎಂದು ಮುಗಿಸಿ, ನಾಚಿ, ಸೆರಗನ್ನು ಇನ್ನೂ ಕೆಳಗೆ ಎಳೆದುಕೊಂಡಿದ್ದಳು. ಇನ್ನೊಮ್ಮೆ ಹೇಳಿಸೋಣವೆಂದರೆ ಗಂಡನ ಹೆಸರು ಬಜಾರಿನ ಸರಕಲ್ಲ, ರೀಲು ನಮ್ಮಪ್ಪನದಲ್ಲ.

“ಓದು ಕಲ್ತು ನಿಮಗೇನು ಲಾಭ ಆತ್ರಿ?” ಎಂದು ಕೇಳಿದೆ. ದೇಶದ ಪ್ರಗತಿ, ಮಕ್ಕಳ ಭವಿಷ್ಯ ಎಂದು ಉತ್ತರ ಬರಬೇಕಾಗಿತ್ತು.

“ಅವರ ಹೆಸರು ಬರಿಯಾಕ ಬಂತು,” ಎಂದಳು ಹೊಳೆವ್ವ. “ಬಾಯಿಲೆ ಹೇಳೂವಂಗಿಲ್ಲ, ಕೈಲೆ ಬರದ್ರ ಯಾರ ಏನಂತಾರ?”

ಹೇಳಿದ್ದಲ್ಲದೆ ಪಾಟಿ ತೆಗೆದು ದಪ್ಪ ಅಕ್ಷರದಲ್ಲಿ ಯಲಗೂರಪ್ಪ ಎಂದು ಬರೆದು ಎತ್ತಿ ಹಿಡಿದಳು. ಆದರೆ ಪಾಟಿಯ ಮೇಲೆ ಏನಿರಬೇಕು ಎಂಬುದನ್ನು ಮುಖ್ಯಸ್ಥರು ಮೊದಲೇ ಅಪ್ಪಣೆ ಮಾಡಿದ್ದರು. ಕರೆಪ್ಪ ಸಂಕೋಚದಿಂದಲೇ ಅದನ್ನು ಹೇಳಿದ. ಹೊಳೆವ್ವ ಅವನ ಮುಖವನ್ನು ಸೆರಗಿನೊಳಗಿಂದ ನೋಡಿ, ಅಂಗೈಯಿಂದ ಗಂಡನನ್ನು ಒರೆಸಿ, ‘ವಿದ್ಯೆಯೇ ಬೆಳಕು’ ಎಂದು ಬರೆದಳು. ಅದನ್ನು ಕ್ಯಾಮೆರಾ ಬಹಳ ಚೆನ್ನಾಗಿ ಹಿಡಿಯಿತು.

ಕೊನೆಗೆ ಆಕೆಯ ಸರದಿ ಬಂತು. ನಾನು ಮೈಕನ್ನು ಆಕೆಯ ಹತ್ತಿರ ಸರಿಸಿ, “ಈಗ ನಿಮ್ಮ ಮಾತು ಹೇಳ್ರಿ,” ಎಂದೆ. ಹೊಳೆವ್ವ ಮೈಕನ್ನು ನೋಡುತ್ತ, ಅದೇ ಗಂಡನೋ ಎಂಬಂತೆ, ಹಲ್ಲು ಕಚ್ಚಿ ಮಾತಾಡಿದಳು.

“ಏನ್ರಿ, ಕೇಳಾಕತ್ತೀರಿಲ್ಲೋ? ಮೂರು ವರ್ಷ ಆತು. ನಾಳಿ ಬರ್ತೀನಿ ಅಂದು ಹೋದ್ರಿ, ಆ ನಾಳಿಗೆ ಏನು ದೊಡ್ಡ ರೋಗ ಬಂದೈತೇನ್ರಿ? ಗಿರಣಿ ಭೋಂಗಾ ಕೇಳಿ ಏಳ್ತೀರಿ, ಮಗಳು ಮದವಿಗೆ ಬಂದದ್ದು ಕಿವಿಗೆ ಬೀಳಲಿಲ್ಲೇನ್ರಿ ನಿಮಗ? ನಾಚ್ಕಿ ಅನ್ನೂದನ್ನ ಸೊಲ್ಲಾಪುರ ಠೇಶನ್ನದಾಗ ಇಳಿಸಿ ಹೋಗೀರೇನು? ನಿಮ್ಮ ರೊಕ್ಕಾ ಬ್ಯಾಡ, ನಿಮ್ಮ ಸೀರಿ ಬ್ಯಾಡ. ನೀವು ಬಂದ್ರ ಸಾಕು. ಬರ್ರಿ, ಬಂದಮ್ಯಾಲ ಐತಿ ನಿಮಗ! ವೈಶಾಖದಾಗ ಪರಸವ್ವನ ಅಕ್ಕಿಕಾಳು. ಬಾಗಲಾ ತಗದ ಇಟ್ಟಿರತೀನಿ. ಒನಕಿನೂ ಅಲ್ಲೇ ಇಟ್ಟಿರತೀನಿ.”

ಇಷ್ಟು ಮರ್ಯಾದೆಯ ಬೈಗುಳವನ್ನು ನಾನು ಹುಟ್ಟಿ ಕೇಳಿರಲಿಲ್ಲ. ಹಣಮಂತ ಮುತ್ಯಾ ತಲೆದೂಗಿ, “ಬೈ, ಇನ್ನೊಂದೀಟು ಬೈ. ನನ್ನ ಮಗನ ಅಂವ, ಅಷ್ಟಕ್ಕ ಏಳೂದಿಲ್ಲ,” ಎಂದ.

ತೊಳೆದು ಚಿತ್ರ ಮೂಡಿಸಲು ಮುಂಬಯಿಗೆ ಕಳಿಸಿದ್ದ ರೀಲು ಒಂದೂವರೆ ತಿಂಗಳಿಗೆ ತಿರುಗಿ ಬಂತು. ಮಾಳಿಗೆಯ ಕೋಣೆಯಲ್ಲಿ ಹಗ್ಗ ಕಟ್ಟಿ ಚಿತ್ರದ ತುಂಡುಗಳನ್ನು ಹಪ್ಪಳದಂತೆ ಇಳಿಬಿಟ್ಟೆವು. ಅಂಟಿನ ವಾಸನೆಗೆ, ಅದು ಕೊಳೆತ ಬಾಳೆಹಣ್ಣಿನ ವಾಸನೆ, ತಲೆ ತಿರುಗುತ್ತಿತ್ತು. ಇತ್ತ ನನ್ನ ಟೇಪು ಹಾಕಿ ಕೇಳಿದರೆ ಇನ್ನೊಂದು ತಮಾಷೆ. ತಿಕೋಟಾದಲ್ಲಿ ಪೆಟ್ಟಿಗೆಯ ಸೆಲ್ಲು ಸೋತು ಟೇಪು ನಿಧಾನ ತಿರುಗಿತ್ತು. ಈಗ ಕೇಂದ್ರದ ವಿದ್ಯುತ್ತಿನಲ್ಲಿ ಸರಿಯಾದ ವೇಗಕ್ಕೆ ತಿರುಗಿದಾಗ ಹೊಳೆವ್ವನ ದಪ್ಪ ದನಿ ತೆಳ್ಳಗಾಗಿ, ಆಗಷ್ಟೇ ಗಂಡನ ಮನೆಗೆ ಬಂದ ಹುಡುಗಿಯ ದನಿಯಾಗಿತ್ತು.

“ವ್ಹಾ! ಎಷ್ಟು ಮೀಠಾ ಐತಿ,” ಎಂದರು ಮಾಸ್ತರರು.

ಆಮೇಲೆ ಅವರ ಬೆರಳು ಆಡತೊಡಗಿದವು. ಒಡಪಿಗೆ ಪೂರ್ತಿ ಚಿತ್ರವಿಲ್ಲ. ಅರ್ಧ ಒಡಪು ಇಟ್ಟರೆ ನೋಡಿದವರು ನಗುತ್ತಾರೆ, ತೆಗಿ. ಮದುವೆ ಮನೆತನದ ವಿಷಯ, ನಮ್ಮ ವಿಷಯ ಅಕ್ಷರ, ತೆಗಿ. ರೋಗ, ನಾಚಿಕೆ, ಒನಕೆ, ಇವು ಸಂಸ್ಥೆಯವರ ಮುಂದೆ ಶೋಭಿಸುವುದಿಲ್ಲ, ತೆಗಿ. ನಾನು, “ಸರ್, ಅಕಿ ಬೈಯೂ ಸಲುವಾಗಿನ ಕುಂತಿದ್ದಳ್ರಿ. ನಾವು ಕೈ ಮ್ಯಾಲ ಕೈ ಹಾಕೀವ್ರಿ,” ಎಂದೆ. ಮಾಸ್ತರರು ಬ್ಲೇಡು ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದರು.

“ಬಾಬು, ಒಂದು ತಿಳಕೋ. ಕರಿಯೂ ಮಾತು ಇಟ್ಟೀನಿ. ಬೈಗುಳ ತಗದೀನಿ. ಬೈದು ಕರದ್ರ ಯಾವ ಗಂಡಸು ಬರ್ತಾನ? ಅಕಿ ಕೆಲಸಾನs ನಾ ಹಗರ ಮಾಡಾಕತ್ತೀನಿ,” ಎಂದರು. ಅವರು ಮನಸ್ಸಿನಿಂದಲೇ ಹೇಳಿದರು. ಕೆಟ್ಟ ಮನುಷ್ಯನಾಗಿದ್ದರೆ ಎದುರು ಮಾತಾಡಬಹುದಾಗಿತ್ತು.

ಕೊನೆಗೆ ಉಳಿದದ್ದು ಇಷ್ಟು. ರೊಟ್ಟಿ ಬಡಿಯುವ ಎರಡು ಕೈ. ಸೆರಗು. ‘ವಿದ್ಯೆಯೇ ಬೆಳಕು’ ಎಂಬ ಪಾಟಿ. ಮತ್ತೆ ಕೈ. ಅದರ ಮೇಲೆ ಮೆಲುದನಿ: “ಕೇಳಾಕತ್ತೀರಿಲ್ಲೋ? ಮೂರು ವರ್ಷ ಆತು. ನಿಮ್ಮ ರೊಕ್ಕಾ ಬ್ಯಾಡ, ನಿಮ್ಮ ಸೀರಿ ಬ್ಯಾಡ. ನೀವು ಬಂದ್ರ ಸಾಕು. ಬಾಗಲಾ ತಗದ ಇಟ್ಟಿರತೀನಿ.” ತಿಕೋಟಾ ಎಂದು ಹೆಸರು ಹಾಕಿದರೆ ಬೇರೆ ಊರಿನವರಿಗೆ ಬೇಸರವಾದೀತೆಂದು ಮುಖ್ಯಸ್ಥರು ಚಿತ್ರದ ಆರಂಭದಲ್ಲಿ ‘ವಿಜಾಪುರ ಜಿಲ್ಲೆಯ ಒಬ್ಬ ಅಕ್ಷರಸ್ಥ ಗೃಹಿಣಿ’ ಎಂದು ಬರೆಸಿದರು. ಯಾರು, ಎಲ್ಲಿ, ಏನು ಎಂಬ ಮೂರು ಸವಾಲುಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ಆದರೂ ನೋಡಿದವರ ಕಣ್ಣಲ್ಲಿ ನೀರು ಬಂತು. ನಮ್ಮ ಮುಖ್ಯಸ್ಥರೂ ಕಣ್ಣೊರೆಸಿಕೊಂಡು, ಮನೆಗೆ ಬೇಗ ಹೋದರು.

ಯುಗಾದಿಯಿಂದ ಮುಂಬಯಿಯಲ್ಲಿ ಅದನ್ನು ಗಿರಣಿಯವರು ವಾಸಿಸುವ ಒಂದೊಂದೇ ಚಾಳಿಗೆ ಒಯ್ದು ತೋರಿಸತೊಡಗಿದರು. ಜನ ಬಹಳ ಮೆಚ್ಚಿದರೆಂದು ಕಚೇರಿಯಿಂದ ವರ್ತಮಾನ ಬಂತು. ಕೇಂದ್ರದಲ್ಲಿ ಮುಖ್ಯಸ್ಥರಿಗೆ ಹಾರ ಹಾಕಿದರು, ಮಾಸ್ತರರಿಗೆ ಹಾರ ಹಾಕಿದರು, ಉಳಿದ ಒಂದು ಹಾರವನ್ನು ಕ್ಯಾಮೆರಾಕ್ಕೆ ಹಾಕಿದರು. ತಿಕೋಟಾಕ್ಕೆ ಮಾತ್ರ ಯಾರೂ ಬರಲಿಲ್ಲ. ಹೊಳೆವ್ವ ವಾರದ ಸಂತೆಗೆ ಬಂದವರ ಕೈಯಲ್ಲಿ ನಮಗೆ ಹೇಳಿ ಕಳಿಸುತ್ತಿದ್ದಳು: ಮುಟ್ಟಿತೇನು? ಮುಟ್ಟಿದೆ ಎಂದು ನಾವು ಹೇಳಿ ಕಳಿಸುತ್ತಿದ್ದೆವು.

ಮದುವೆಗೆ ನಾಲ್ಕೇ ದಿನ ಇರುವಾಗ ನಾನು ಊರಿಗೆ ಹೋದರೆ ಬಬಲೇಶ್ವರದ ನಮ್ಮ ಓಣಿಯಲ್ಲಿ ದೊಡ್ಡ ಜಗಳ. ಮೂರು ವರ್ಷ ಮುಂಬಯಿಯ ಗಿರಣಿಯಲ್ಲಿದ್ದ ಅಮಸಿದ್ದ ಹಿಂದಿನ ದಿನ ಟ್ರಂಕು ಹೊತ್ತುಕೊಂಡು ಬಂದುಬಿಟ್ಟಿದ್ದ. ಅವನ ಹೆಂಡತಿ ಗುರುಬಾಯಿ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ನೀನs ಕರದಿಯಲ್ಲಾ! ಸಿನೇಮಾದಾಗ ಕುಂತು ನೀವು ಬಂದ್ರ ಸಾಕು ಅಂದಿಯಲ್ಲಾ!” ಎಂದು ಅಮಸಿದ್ದ ಕೂಗುತ್ತಿದ್ದ.

“ನಾ ಯಾವ ಸಿನೇಮಾದಾಗ ಕುಂತಿದ್ದಿನಲೇ? ಪಾಟಿ ಹಿಡಿಯಾಕ ನನಗೇನು ಅಕ್ಷರ ಬರ್ತಾವ? ಯಾವಾಕಿ ಕರದಳು ಅಕೀ ಕಡೇನ ಹೋಗು!” ಎಂದಳು ಗುರುಬಾಯಿ.

ನಾನು ಅಮಸಿದ್ದನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಳಿದೆ. ಬಂದವನು ಅವನೊಬ್ಬನೇ ಅಲ್ಲ. ಕರೆಪ್ಪನ ಕಾಖಂಡಕಿಗೂ ಒಬ್ಬ ಬಂದಿದ್ದ, ಇನ್ನೂ ಎಲ್ಲೆಲ್ಲಿಗೋ ಬಂದಿದ್ದರು. ಮುಖವಿಲ್ಲ, ಹೆಸರಿಲ್ಲ, ಊರಿಲ್ಲ. ದನಿ ಮಾತ್ರ ಇಪ್ಪತ್ತು ವರ್ಷ ಹಿಂದಿನ ಹೆಂಡತಿಯದು. ಯಾವ ಗಂಡಸು ತಾನೇ ತಡೆದಾನು? ಹೆಂಡತಿ ತನಗೆ ಗೊತ್ತಿಲ್ಲದೆ ಓದು ಕಲಿತಿರಬೇಕು ಎಂದುಕೊಂಡು ಒಬ್ಬೊಬ್ಬರೂ ಗಂಟು ಕಟ್ಟಿದ್ದರು.

“ನಾ ಬರ್ತಿದ್ದಿಲ್ಲೋ ಬಾಬು,” ಎಂದ ಅಮಸಿದ್ದ. “ಸಿನೇಮಾ ಮುಗದಮ್ಯಾಲ ನಮ್ಮ ಚಾಳಿನ ತಿಕೋಟ್ಯಾಂವ ಒಬ್ಬ ಎದ್ದು ನಿಂತು ಎಲ್ಲಾರಿಗೂ ಬೈದ. ಯಾವ ಹಲ್ಕಟ್ ಅದಾನಪಾ ಇಂಥಾ ಹೆಣ್ಣಮಗಳನ್ನ ಬಿಟ್ಟು ಇಲ್ಲಿ ಕುಂತಾಂವ? ಯಾಂವ ಇದ್ರೂ ಇವತ್ತ ಗಾಡಿ ಹತ್ರಿ, ಅಂದ. ತಾನs ನನ್ನ ಟ್ರಂಕು ಹೊತ್ತು ಠೇಶನ್ನಿಗೆ ಬಂದ. ಗಾಡಿ ಬಿಡೂತನಕ ಅಳಾಕತ್ತಿದ್ದ, ಪಾಪ.”

“ಯಾರಂವ?” ಎಂದೆ.

“ಯಲಗೂರಪ್ಪ ಅಂತ. ಅವಗೂ ಹೇಣ್ತಿ ಅದಾಳ. ನೀನೂ ಬಾರೋ ಅಂದೆ. ನನ್ನಾಕಿ ಇಷ್ಟು ನಯವಾಗಿ ಎಂದು ಮಾತಾಡ್ಯಾಳು, ಅಕಿಗೆ ಅಕ್ಷರ ಎಲ್ಲಿ ಬರ್ತಾವು, ನನ್ನ ಯಾರೂ ಕರದಿಲ್ಲ ಬಿಡು, ಅಂದ.”

ಆ ಕ್ಷಣ ಮಾಸ್ತರರು ಎದುರಿಗಿದ್ದರೆ ಅವರ ಕತ್ತರಿಯನ್ನು ಕಸಿದುಕೊಂಡು ಬಾವಿಗೆ ಎಸೆಯುತ್ತಿದ್ದೆ. ಅಮಸಿದ್ದನನ್ನು ಬಸ್ಸು ಹತ್ತಿಸಿಕೊಂಡು ವಿಜಾಪುರಕ್ಕೆ ಹೋದೆ. ಅಂಚೆ ಕಚೇರಿಯಲ್ಲಿ, ಅಮಸಿದ್ದ ಹೇಳಿದ ಯಲಗೂರಪ್ಪನ ಹೊಸ ಖೋಲಿಯ ವಿಳಾಸಕ್ಕೆ ತಾರು ಹೊಡೆದೆ: ‘ಆ ಹೆಂಗಸು ನಿನ್ನ ಹೆಂಡತಿ. ಗುರುವಾರ ಮಗಳ ಮದುವೆ. ಕೂಡಲೇ ಹೊರಡು.’ ಅಲ್ಲಿಂದ ಇಬ್ಬರೂ ತಿಕೋಟಾಕ್ಕೆ ಹೋದೆವು.

ಹೊಳೆವ್ವ ಹಪ್ಪಳ ಒಣಗಿಸುತ್ತಿದ್ದಳು. ಅಮಸಿದ್ದ ಎಲ್ಲವನ್ನೂ ಹೇಳಿದ. ತನ್ನ ಗಂಡ ಊರವರ ಟ್ರಂಕು ಹೊತ್ತು, ಎಲ್ಲರನ್ನೂ ಅವರವರ ಹೆಂಡಿರ ಕಡೆ ಕಳಿಸಿ, ತಾನು ಚಾಳಿಗೆ ತಿರುಗಿ ಹೋದನೆಂದು ಕೇಳಿದಾಗ ಆಕೆ ಮೊದಲು ನಕ್ಕಳು.

“ಮಂದಿಗೆ ಬುದ್ಧಿ ಹೇಳೂದು ಅವರಿಗೆ ಮೊದಲಿಂದ ಚಲೋ ಬರ್ತೈತಿ,” ಎಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ಅಳು ಬಂತು. ಅತ್ತು ಮುಗಿದ ಮೇಲೆ ನನ್ನನ್ನು ನೇರ ನೋಡಿ ಕೇಳಿದಳು, “ನಾ ಬೈದದ್ದು ಎಲ್ಲಿ ಹೋತೋ ತಮ್ಮಾ?”

“ಕತ್ತರಿಸಿದ್ರಬೇ,” ಎಂದೆ.

“ಬೈಗುಳ ಕೇಳಿದ್ದರ ಅರ್ಧಕ್ಕs ಎದ್ದು ಬರ್ತಿದ್ರು,” ಎಂದಳು. “ನನ್ನ ಗುರ್ತಾನs ಕತ್ತರಿಸಿ ಚೆಲ್ಲಿರಲ್ಲೋ. ಯಾವಾಕೀನೋ ಕಳಿಸೀರಿ, ಅಕಿ ಗಂಡಂದಿರೆಲ್ಲ ಬಂದಾರ.”

ಮದುವೆಯ ದಿನ ಕರೆಪ್ಪನೂ ನಾನೂ ಕ್ಯಾಮೆರಾ ಹೊತ್ತುಕೊಂಡು ಹೋದೆವು. ಮೊಮ್ಮಗಳ ಅಕ್ಕಿಕಾಳಿನಲ್ಲಿ ಕ್ಯಾಮೆರಾ ನಿಲ್ಲಬೇಕೆಂದು ಹಣಮಂತ ಮುತ್ಯಾ ಕೇಂದ್ರಕ್ಕೆ ಬಂದು ಹಟ ಹಿಡಿದಿದ್ದ. ಇಷ್ಟು ಹೆಸರು ತಂದುಕೊಟ್ಟ ಮನೆತನಕ್ಕೆ ಇಲ್ಲವೆನ್ನಲು ಮುಖ್ಯಸ್ಥರಿಗೆ ಆಗಲಿಲ್ಲ. ಕ್ಯಾಮೆರಾ ಕೊಟ್ಟರು. ರೀಲು ಕೊಡಲಿಲ್ಲ, ಅದು ಮುಂದಿನ ವರ್ಷದ ಮಂಜೂರಿಗೆ. “ಸುಮ್ಮನ ಚಾವಿ ಕೊಡ್ರಿ, ಸಪ್ಪಳ ಬಂದ್ರ ಸಾಕು,” ಎಂದರು. ಟೇಪಿನ ಪೆಟ್ಟಿಗೆ ಕಪಾಟಿನಲ್ಲೇ ಉಳಿಯಿತು.

ಬೆಳಗಿನ ಬಸ್ಸು ಬಂತು. ಹೊಳೆವ್ವ ಹಸಿರು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಬಸ್ಸಿನಿಂದ ಬೀಗರು ಇಳಿದರು, ವಾಲಗದವರು ಇಳಿದರು, ಬಾಳೆಯ ಗೊನೆ ಇಳಿಯಿತು. ಕೊನೆಗೆ ಅಂಚೆಯವನು ಇಳಿದು ತಾರಿನ ಲಕೋಟೆ ಕೊಟ್ಟ. ಅದು ಇಂಗ್ಲಿಷಿನಲ್ಲಿದ್ದುದರಿಂದ ನಾನೇ ಓದಿ ಹೇಳಬೇಕಾಯಿತು.

“ಏನ್ ಅಂತಾರ?” ಎಂದಳು ಹೊಳೆವ್ವ.

“ನಾಳಿ ಹೊರಡ್ತಾರಂತ,” ಎಂದೆ.

ಆಕೆ ಒಳಗೆ ಹೋಗಿ ಮಗಳ ತಲೆಯ ಹೂದಂಡೆ ಸರಿ ಮಾಡಿದಳು. ಹೊತ್ತು ಮೀರುತ್ತದೆಂದು ಹಿರಿಯರು ಕೂಗಿದಾಗ ಮೈದುನನೂ ನೆಗೆಣ್ಣಿಯೂ ಮಣೆಯ ಮೇಲೆ ಕುಳಿತರು. ನೆಗೆಣ್ಣಿ ಹಿಡಿದ ತಂಬಿಗೆಯಿಂದ ಪರಸವ್ವನ ಕೈ ಮೇಲೆ ನೀರು ಬಿತ್ತು. ಹೊಳೆವ್ವ ತಾನು ಹೇಳಿದ್ದ ಕಂಬದ ಹಿಂದೆಯೇ ನಿಂತು ನೋಡಿದಳು. ಅಕ್ಕಿಕಾಳು ಹಾರಿದವು. ಕರೆಪ್ಪ ಚಾವಿ ಕೊಟ್ಟು ಕೊಟ್ಟು ಸಪ್ಪಳ ಮಾಡುತ್ತಿದ್ದ.

ಊಟಕ್ಕೆ ಮುಂಚೆ ಹೆಂಗಸರು ರೂಢಿಯಂತೆ ಒಬ್ಬೊಬ್ಬರನ್ನೇ ಹಿಡಿದು ಗಂಡನ ಹೆಸರು ಹೇಳಿಸತೊಡಗಿದರು. ಹೊಳೆವ್ವನ ಸರದಿ ಬಂದಾಗ ಆಕೆಯನ್ನು ಬಿಟ್ಟು ಮುಂದಿನವಳ ಕಡೆ ತಿರುಗಿದರು. ಹೊಳೆವ್ವ ತಾನೇ ಎದ್ದು ಬಂದು ಕ್ಯಾಮೆರಾದ ಮುಂದೆ ಕುಳಿತಳು. ಮಾವ ಎದುರಿಗೇ ಇದ್ದ. ಆಕೆ ಸೆರಗನ್ನು ಹಿಂದಕ್ಕೆ ಸರಿಸಿದಳು. ಆ ಮುಖವನ್ನು ಕ್ಯಾಮೆರಾ ಅಂದೇ ಮೊದಲ ಸಲ ಪೂರ್ತಿ ನೋಡಿತು.

“ಚಾವಿ ಪೂರಾ ಕೊಡು,” ಎಂದಳು ಕರೆಪ್ಪನಿಗೆ.

ಕರೆಪ್ಪ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಅವನು ಚಾವಿ ತಿರುವಿ ಗುಂಡಿ ಒತ್ತಿದ.

“ಯಲಗೂರಪ್ಪನ ಹೆಸರ ಮೊದಲ ಹೇಳೀನಿ,
ಸಜ್ಜಿ ರೊಟ್ಟಿಗಿ ಎಳ್ಳ ಹಚ್ಚೀನಿ,
ಗಡಗಿ ಮಸರಿಗಿ ತಾಟ ಮುಚ್ಚೀನಿ,
ಅಂಗಳ ಸಾರಿಸಿ ಕಂದೀಲ ಹಚ್ಚೀನಿ.”

ಎಲ್ಲ ಹೇಳಿ ಮುಗಿದ ಮೇಲೂ ಕ್ಯಾಮೆರಾ ಇನ್ನೂ ಓಡುತ್ತಿತ್ತು.

“ಈ ಸಲ ಹಿಡೀತಿಲ್ಲೋ?” ಎಂದು ಕೇಳಿದಳು.

“ಹಿಡೀತಬೇ ಯವ್ವಾ,” ಎಂದ ಕರೆಪ್ಪ.

“ಹಂಗಾರ ಮುಂಬೈಕ ಕಳಸ್ರಿ. ನಿಮ್ಮ ಮಾಸ್ತರಗ ಹೇಳ್ರಿ, ಈ ಸಲ ಏನೂ ಕತ್ತರಿಸಬ್ಯಾಡ ಅಂತ.”

ಹೇಳುತ್ತೇವೆ ಎಂದೆವು. ಕತ್ತರಿಸಲು ಅದರಲ್ಲಿ ಏನೂ ಇರಲಿಲ್ಲ.